ಹೆಸರು ಬಿಡಿ, ಅಚ್ಚು ನೋಡಿ: ಸಣ್ಣ ಪಾತ್ರಗಳ ಟ್ರಾನ್ಸ್‌ಫಾರ್ಮರ್ಸ್ ರೋಬೋ, ಕಲಬುರಗಿಯ ಬಿಸಿಲಿನಲ್ಲಿ

ವಾಹನವಾಗಿ, ಪ್ರಾಣಿಯಾಗಿ ರೂಪ ಬದಲಿಸುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆ ರೋಬೋಗಳಲ್ಲಿ ಆಪ್ಟಿಮಸ್ ಪ್ರೈಮ್, ಬಂಬಲ್‌ಬೀ ಬೇಕಾದವರಿಗೆ ಈ ವಿಮರ್ಶೆ ಬೇಕಿಲ್ಲ. ಆ ಎರಡು ಹೆಸರು ಮಕ್ಕಳ ಶಾಲಾ ಚೀಲದ ಮೇಲೂ ಇವೆ, ನೀರಿನ ಬಾಟಲಿಯ ಮೇಲೂ ಇವೆ. ಇಲ್ಲಿ ಬರೆಯುತ್ತಿರುವುದು ಹಫರ್, ಪೈಪ್ಸ್, ಹಾಯ್ಸ್ಟ್, ಟ್ರೇಲ್‌ಬ್ರೇಕರ್, ರೆಡ್ ಅಲರ್ಟ್, ಗ್ರ್ಯಾಪಲ್, ಟೈಗಟ್ರಾನ್ ಥರದವರ ಬಗ್ಗೆ. ಕಾರ್ಟೂನಿನಲ್ಲಿ ಗುಂಪಿನ ಹಿಂದೆ ನಿಂತು, ಒಂದೆರಡು ಮಾತಾಡಿ, ಮುಂದಿನ ಕಂತಿನಲ್ಲಿ ಕಾಣದೇ ಹೋದವರು ಇವರು. ಹ್ಯಾಸ್‌ಬ್ರೋ ಎಂಬ ಅಮೆರಿಕದ ಆಟಿಕೆ ಕಂಪನಿ 2019ರ ಸೀಜ್, 2020ರ ಅರ್ಥ್‌ರೈಸ್, 2021ರ ಕಿಂಗ್‌ಡಮ್ ಸರಣಿಗಳಲ್ಲಿ ಇವರನ್ನೆಲ್ಲ ಹೊಸ ಕೀಲು, ಹೊಸ ಮೈಕಟ್ಟು ಕೊಟ್ಟು ಮತ್ತೆ ತಂದಿತು. ಹೆಚ್ಚಿನವು ಡಿಲಕ್ಸ್ ಗಾತ್ರದವು, ಅಂದರೆ ಸುಮಾರು 14 ಸೆಂಟಿಮೀಟರ್. ಗ್ರ್ಯಾಪಲ್, ಇನ್‌ಫರ್ನೋ ವಾಯೇಜರ್ ಗಾತ್ರದವು, ಅಂದರೆ ಹದಿನೇಳು ಹದಿನೆಂಟು ಸೆಂಟಿಮೀಟರ್.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದನ್ನೇ ಕೊಳ್ಳುವುದಾದರೆ ಅರ್ಥ್‌ರೈಸ್‌ನ ಹಾಯ್ಸ್ಟ್. ಎರಡು ಕೊಳ್ಳುವುದಾದರೆ ಹಾಯ್ಸ್ಟ್ ಜೊತೆಗೆ ಟ್ರೇಲ್‌ಬ್ರೇಕರ್ ಬೇಡ, ಏಕೆ ಎಂಬುದು ಕೆಳಗಿದೆ. ಹಫರ್ ಚೆಂದ, ಆದರೆ ಕೊಟ್ಟ ದುಡ್ಡಿಗೆ ಗಿಡ್ಡ. ರೆಡ್ ಅಲರ್ಟ್ ಮತ್ತು ಟೈಗಟ್ರಾನ್ ಬಿಳಿ ಪ್ಲಾಸ್ಟಿಕ್ಕಿನವು. ಪಶ್ಚಿಮಕ್ಕೆ ಕಿಟಕಿ ಇರುವ ಕೋಣೆಯವರು ಅವುಗಳ ಆಸೆ ಬಿಡುವುದು ಒಳ್ಳೆಯದು.

ಈ ಸಣ್ಣ ಪಾತ್ರಗಳು ಹುಟ್ಟಿದ ರೀತಿ ತಿಳಿಯದೆ ಇವನ್ನು ಕೊಳ್ಳಬಾರದು. 1984ರಲ್ಲಿ ಹ್ಯಾಸ್‌ಬ್ರೋ ಟ್ರಾನ್ಸ್‌ಫಾರ್ಮರ್ಸ್ ಶುರು ಮಾಡಿದಾಗ ಆಟಿಕೆಗಳನ್ನು ಹೊಸದಾಗಿ ಮಾಡಿಸಲಿಲ್ಲ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಮತ್ತು ಮೈಕ್ರೋ ಚೇಂಜ್ ಸಾಲಿನ ಅಚ್ಚುಗಳನ್ನು ತಂದು, ಹೊಸ ಹೆಸರು, ಹೊಸ ಕಥೆ ಕೊಟ್ಟಿತು. ಉಕ್ಕಿನ ಅಚ್ಚು ಕೊರೆಯುವುದೇ ಈ ಧಂದೆಯ ದೊಡ್ಡ ಖರ್ಚು, ಪ್ಲಾಸ್ಟಿಕ್ ಅಲ್ಲ. ಒಮ್ಮೆ ಕೊರೆದ ಅಚ್ಚಿನಿಂದ ಎಷ್ಟು ಪಾತ್ರ ತೆಗೆದರೆ ಅಷ್ಟು ಲಾಭ. ನಾಟಕ ಕಂಪನಿಯಲ್ಲಿ ಒಂದೇ ಬಿಳಿ ಗಡ್ಡ ಮೊದಲ ಅಂಕದಲ್ಲಿ ಋಷಿಗೆ, ಮೂರನೆಯ ಅಂಕದಲ್ಲಿ ಮುದಿ ರಾಜನಿಗೆ ಆಗುವುದಿಲ್ಲವೇ, ಹಾಗೆ. ಪ್ರೌಲ್, ಬ್ಲೂಸ್ಟ್ರೀಕ್, ಸ್ಮೋಕ್‌ಸ್ಕ್ರೀನ್ ಮೂವರೂ ಒಂದೇ ಡಾಟ್ಸನ್ ಕಾರಿನ ಅಚ್ಚು. ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂವರೂ ಒಂದೇ ಎಫ್-15 ವಿಮಾನ. ಟ್ರೇಲ್‌ಬ್ರೇಕರ್ 1984ರಲ್ಲಿ ಬಂದ ಟೊಯೋಟಾ ಹೈಲಕ್ಸ್. ಅದಕ್ಕೇ ಕೊಕ್ಕೆ ಕೂಡಿಸಿ 1985ರಲ್ಲಿ ಹಾಯ್ಸ್ಟ್ ಮಾಡಿದರು. ಅಗ್ನಿಶಾಮಕ ಲಾರಿ ಇನ್‌ಫರ್ನೋಗೆ ಏಣಿಯ ಬದಲು ಕ್ರೇನ್ ಇಟ್ಟರೆ ಗ್ರ್ಯಾಪಲ್.

ಕೈಯಳತೆಯ ಮಿನಿಬಾಟ್‌ಗಳಲ್ಲಿ ಇದು ಇನ್ನೂ ಸ್ಪಷ್ಟ. 1986ರಲ್ಲಿ ಬಂದ ಐದು ಜನರನ್ನು ನೋಡಿ: ಹಫರ್‌ನಿಂದ ಪೈಪ್ಸ್, ಗಿಯರ್ಸ್‌ನಿಂದ ಸ್ವರ್ವ್, ವಿಂಡ್‌ಚಾರ್ಜರ್‌ನಿಂದ ಟೇಲ್‌ಗೇಟ್, ಬ್ರಾನ್‌ನಿಂದ ಔಟ್‌ಬ್ಯಾಕ್, ಕ್ಲಿಫ್‌ಜಂಪರ್‌ನಿಂದ ಹಬ್‌ಕ್ಯಾಪ್. ಅಚ್ಚಿನ ಕೆಲವು ತುಂಡು ಬದಲಿಸಿ, ಬಣ್ಣ ಬದಲಿಸಿ ಮಾರಿದರು. ಕಾರ್ಟೂನಿನಲ್ಲಿ ಇವರಿಗೆ ಜಾಗವೇ ಸಿಗಲಿಲ್ಲ ಎನ್ನಬಹುದು. ಸ್ವರ್ವ್, ಟೇಲ್‌ಗೇಟ್ ಹೆಸರು ಜನರ ಬಾಯಿಗೆ ಬಂದದ್ದು ಕಾಲು ಶತಮಾನ ಕಳೆದು, ಕಾಮಿಕ್ಸ್‌ನಿಂದ. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ಲೆಕ್ಕ ಸುಲಭವಾಗುತ್ತದೆ. ಅಪರೂಪದ ಹೆಸರಿನ ರೋಬೋ ಕೈಗೆ ಬಂದಾಗ ಅದು ಯಾರ ಅಚ್ಚು ಎಂದು ಮೊದಲು ನೋಡಬೇಕು. ಅಣ್ಣನ ಕೀಲಿನಲ್ಲಿ ಯಾವ ದೋಷವಿತ್ತೋ ತಮ್ಮನಲ್ಲೂ ಅದೇ ಇರುತ್ತದೆ. ಕೆಲವೊಮ್ಮೆ ತಮ್ಮನಲ್ಲಿ ಜಾಸ್ತಿ, ಏಕೆಂದರೆ ಅಚ್ಚು ಸವೆದಂತೆ ಕೀಲಿನ ಗುಂಡು ಮತ್ತು ಅದು ಕೂರುವ ಬಟ್ಟಲಿನ ನಡುವಿನ ಸಂದು ಬದಲಾಗುತ್ತದೆ.

ಈಗ ಒಂದೊಂದಾಗಿ. ಹಾಯ್ಸ್ಟ್ ಹಸಿರು ಬಣ್ಣದ ಎಳೆಯುವ ಲಾರಿ. ಮೈ ದಪ್ಪ, ಕಾಲು ಅಗಲ, ಹಿಮ್ಮಡಿ ಗಟ್ಟಿ. ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತದೆ. ಗಾಢ ಬಣ್ಣದ ಪ್ಲಾಸ್ಟಿಕ್ ಆದ್ದರಿಂದ ಹಳದಿಯಾಗುವ ಭಯವೂ ಕಡಿಮೆ. ಲಾರಿಯಾಗಿಸುವಾಗ ಜನ ತಪ್ಪುವುದು ಒಂದೇ ಕಡೆ: ಕಾಲುಗಳನ್ನು ಜೋಡಿಸಿ ಒತ್ತುವ ಮೊದಲು ತೋಳು ಒಳಗೆ ಪೂರ್ತಿ ಕೂತಿರುವುದಿಲ್ಲ. ಅರ್ಧ ಮಿಲಿಮೀಟರ್ ಹೊರಗಿದ್ದರೂ ಬದಿಯ ತಗಡು ಬಾಯಿ ಬಿಡುತ್ತದೆ. ಆಗ ಜೋರಾಗಿ ಒತ್ತಿದರೆ ಸಿಕ್ಕಿಸುವ ಸಣ್ಣ ಹಲ್ಲಿನ ಬುಡ ಬೆಳ್ಳಗಾಗುತ್ತದೆ. ಆ ಬಿಳಿ ಗೆರೆ ಬಂತೆಂದರೆ ಪ್ಲಾಸ್ಟಿಕ್ ಒಳಗೆ ಸೀಳಲು ಶುರುವಾಗಿದೆ ಎಂದೇ ಅರ್ಥ. ಹಿಂದಕ್ಕೆ ಎರಡು ಹೆಜ್ಜೆ ಬಿಚ್ಚಿ, ತೋಳು ಸರಿಮಾಡಿ, ಮತ್ತೆ ಮುಚ್ಚಬೇಕು. ಟ್ರೇಲ್‌ಬ್ರೇಕರ್ ಇದೇ ದೇಹದ ಕಪ್ಪು ರೂಪ. ಕೆಟ್ಟದ್ದೇನಲ್ಲ, ಆದರೆ ಪಕ್ಕಪಕ್ಕ ಇಟ್ಟರೆ ಒಂದೇ ಅಂಗಿಯ ಎರಡು ಬಣ್ಣ ಕೊಂಡಂತೆ ಕಾಣುತ್ತದೆ. ಆ ದುಡ್ಡಿಗೆ ಬೇರೆ ಅಚ್ಚಿನದೊಂದು ಬರುತ್ತದೆ.

ಹಫರ್, ಪೈಪ್ಸ್ ಎರಡೂ ಕಿಂಗ್‌ಡಮ್ ಸಾಲಿನವು. ಲಾರಿಯ ಮುಂಭಾಗ, ಹಿಂದೆ ಡಬ್ಬಿ ಇಲ್ಲ. ಮೂಲದಲ್ಲಿ ಮಿನಿಬಾಟ್ ಆದ್ದರಿಂದ ಬೇರೆಯವರ ಪಕ್ಕದಲ್ಲಿ ಗಿಡ್ಡ ಇರಬೇಕೆಂದು ಗಿಡ್ಡವಾಗಿಯೇ ಮಾಡಿದ್ದಾರೆ. ಕಪಾಟಿನಲ್ಲಿ ಅದು ಸರಿ, ಬಿಲ್ಲಿನಲ್ಲಿ ಸರಿ ಅನಿಸುವುದಿಲ್ಲ. ಡಿಲಕ್ಸ್ ಪೆಟ್ಟಿಗೆಗೆ ಅಮೆರಿಕದಲ್ಲಿ ಆಗ ಸುಮಾರು 20 ಡಾಲರ್. ಗಿಡ್ಡನಿಗೂ ಅಷ್ಟೇ, ಎತ್ತರದವನಿಗೂ ಅಷ್ಟೇ. ಅರ್ಥ್‌ರೈಸ್‌ನ ಕ್ಲಿಫ್‌ಜಂಪರ್‌ಗೂ ಇದೇ ಮಾತು, ಅದಕ್ಕೆ ಪರಿಹಾರವೆಂಬಂತೆ ಕೈಗೆ ದೊಡ್ಡ ತುಪಾಕಿ ಕೊಟ್ಟಿದ್ದಾರೆ. ಪೈಪ್ಸ್ ಕೊಳ್ಳುವವರು ಹೊಗೆಕೊಳವೆ ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಕೊಳವೆಯೇ ಆ ಪಾತ್ರದ ಹೆಸರು, ಅದೇ ಮೊದಲು ಬಾಗುವುದು.

ರೆಡ್ ಅಲರ್ಟ್ ಸೀಜ್ ಸಾಲಿನದು, ಸೈಡ್‌ಸ್ವೈಪ್‌ನ ಅಚ್ಚು. ಕಾರ್ಟೂನಿನಲ್ಲಿ ಎಲ್ಲರನ್ನೂ ಅನುಮಾನಿಸುವ ಭದ್ರತಾಧಿಕಾರಿ, ನೋಡಲು ಮಜವಾದ ಪಾತ್ರ. ಸೀಜ್‌ನ ಗೊಂಬೆಗಳಿಗೆ ಯುದ್ಧದಲ್ಲಿ ತರಚಿದಂತೆ ಅಲ್ಲಲ್ಲಿ ಬೆಳ್ಳಿ ಬಣ್ಣ ಬಳಿದಿದ್ದಾರೆ. ಕೆಂಪು ಸೈಡ್‌ಸ್ವೈಪ್ ಮೇಲೆ ಅದು ಒಪ್ಪುತ್ತದೆ. ಬಿಳಿ ರೆಡ್ ಅಲರ್ಟ್ ಮೇಲೆ ಅದು ಗಾಯದ ಹಾಗೆ ಕಾಣುವುದಿಲ್ಲ, ಕೈತೊಳೆಯದೆ ಮುಟ್ಟಿದ ಹಾಗೆ ಕಾಣುತ್ತದೆ. ಟೈಗಟ್ರಾನ್ ಬಿಳಿ ಹುಲಿ. 1996ರ ಬೀಸ್ಟ್ ವಾರ್ಸ್ (ಪ್ರಾಣಿಗಳಾಗುವ ರೋಬೋಗಳ ಸರಣಿ) ಕಾಲದಲ್ಲೂ ಚಿರತೆ ಚೀಟರ್‌ನ ಅಚ್ಚಿಗೆ ಬಿಳಿ ಪ್ಲಾಸ್ಟಿಕ್ ಸುರಿದು ಮಾಡಿದ್ದರು, ಕಿಂಗ್‌ಡಮ್‌ನಲ್ಲೂ ಚೀಟರ್ ಬಂದ ಮೇಲೆ ಬಂತು.

ಗೋಬಾಟ್ಸ್ ಎಂಬ ಮತ್ತೊಂದು ಸಂತಾನವೂ ಇದೆ. ಬಂದೈನ ಮಷಿನ್ ರೋಬೋ ಆಟಿಕೆಗಳನ್ನು ಟೋಂಕಾ ಕಂಪನಿ ಆ ಹೆಸರಿನಲ್ಲಿ ಮಾರಿತು. 1984ರಲ್ಲಿ ಹನ್ನಾ-ಬಾರ್ಬೆರಾ ಕಾರ್ಟೂನ್ ಮಾಡಿತು. 1991ರಲ್ಲಿ ಟೋಂಕಾವನ್ನೇ ಹ್ಯಾಸ್‌ಬ್ರೋ ಕೊಂಡುಕೊಂಡಿತು. ಹಾಗಾಗಿ ಬಗ್ ಬೈಟ್‌ನಂಥ ಗೋಬಾಟ್ಸ್ ಖಳರು ಈಗ ಟ್ರಾನ್ಸ್‌ಫಾರ್ಮರ್ಸ್ ಪೆಟ್ಟಿಗೆಯಲ್ಲಿ ಬರುತ್ತಾರೆ. ಅವು ಸಿಕ್ಕರೆ ಬಿಡಬೇಡಿ ಎನ್ನುವವರಿದ್ದಾರೆ. ನಮ್ಮ ಮಾತು ಅದೇ: ಅಚ್ಚು ಚೆನ್ನಾಗಿದ್ದರೆ ಮಾತ್ರ.

ಕಲಬುರಗಿಯಲ್ಲಿ ಇವು ಸಿಗುವುದು ಎಲ್ಲಿ? ಹೊಸ ಪೆಟ್ಟಿಗೆಯಾಗಿ ಸಿಗುವುದು ಕಷ್ಟ. ಆಟಿಕೆಯ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರಲ್ಲಿ 70 ಶೇಕಡಾಕ್ಕೆ ಏರಿತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ದೊಡ್ಡ ಹೆಸರಿನ ರೋಬೋಗಳೇ ಕಡಿಮೆ ಬಂದವು, ಹಫರ್‌ನನ್ನು ಯಾರು ತರಿಸುತ್ತಾರೆ? ಆದ್ದರಿಂದ ದಾರಿ ಎರಡು: ಬೇರೆ ಊರಿನ ಸಂಗ್ರಾಹಕರಿಂದ ಕೊರಿಯರ್‌ನಲ್ಲಿ ಬರುವ ಹಳೆಯ ಮಾಲು, ಇಲ್ಲವೇ ಸೂಪರ್ ಮಾರ್ಕೆಟ್ ಕಡೆಯ ಅಂಗಡಿ, ಶರಣಬಸವೇಶ್ವರರ ಜಾತ್ರೆಯ ಸಾಲು, ಹೈದರಾಬಾದಿನ ಬೇಗಂ ಬಜಾರ್‌ನಿಂದ ಬರುವ ಸಗಟು ಮಾಲು. ಎರಡನೆಯ ದಾರಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಕಲು. "ನೋಡ್ರಿ ಅಣ್ಣಾ, ಇಂಪೋರ್ಟೆಡ್ ಅದ" ಅಂದರೆ ಸುಳ್ಳೇನಲ್ಲ, ನಕಲೂ ಇಂಪೋರ್ಟೆಡ್ಡೇ.

ನಕಲು ಗುರುತಿಸಲು ಪೆಟ್ಟಿಗೆ ನೋಡಿ ಪ್ರಯೋಜನವಿಲ್ಲ, ಪೆಟ್ಟಿಗೆ ಚೆನ್ನಾಗಿಯೇ ಅಚ್ಚಾಗುತ್ತದೆ. ಗೊಂಬೆಯ ತೊಡೆಯ ಒಳಬದಿ, ಪಾದದಡಿ, ಬೆನ್ನು ನೋಡಿ. ಅಸಲಿನಲ್ಲಿ ಹ್ಯಾಸ್‌ಬ್ರೋ ಮತ್ತು ಟೋಮಿ (ಟಕಾರಾ ಈಗ ಇದರಲ್ಲಿ ಸೇರಿದೆ) ಹೆಸರಿನ ಹಕ್ಕುಸ್ವಾಮ್ಯದ ಸಾಲು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತದೆ, ತಯಾರಿಕೆಯ ಅಂಕಿಗಳು ಒತ್ತಿರುತ್ತವೆ. ನಕಲಿನಲ್ಲಿ ಆ ಜಾಗ ತುಂಬಿ ಸಮ ಮಾಡಿದ ಚೌಕದಂತೆ ಕಾಣುತ್ತದೆ. ಅಚ್ಚಿನ ಎರಡು ಭಾಗ ಸೇರುವ ಗೆರೆಯನ್ನು ಉಗುರಿನಿಂದ ಎಳೆಯಿರಿ, ಚುಚ್ಚಿದರೆ ಅನುಮಾನಿಸಿ. ಅಸಲು ಡಿಲಕ್ಸ್‌ನ ಗಾತ್ರಕ್ಕಿಂತ ಕಾಲು ಭಾಗ ದೊಡ್ಡದಾಗಿ ಕಂಡರೆ ಅದು ಹಿಗ್ಗಿಸಿ ಮಾಡಿದ ನಕಲು. ದೊಡ್ಡದಾದರೂ ಸ್ಕ್ರೂ ಅಷ್ಟೇ ಸಣ್ಣದು, ಅದಕ್ಕೇ ಸೊಂಟ ಮೊದಲು ಸಡಿಲವಾಗುತ್ತದೆ. ಪೆಟ್ಟಿಗೆ ತೆರೆದಾಗ ಥಿನ್ನರ್ ವಾಸನೆ ಬಡಿದರೆ ಮಕ್ಕಳ ಕೈಗೆ ಕೊಡಬೇಡಿ. ಇಷ್ಟಾದರೂ ಎಲ್ಲ ನಕಲೂ ಕಸವಲ್ಲ. ಕೀಲು ಬಿಚ್ಚುವುದು, ಬಣ್ಣ ಬಳಿಯುವುದು ಕಲಿಯಲು ಇನ್ನೂರು ಮುನ್ನೂರು ರೂಪಾಯಿಯ ನಕಲಿಗಿಂತ ಒಳ್ಳೆಯ ಗುರುವಿಲ್ಲ.

ಹಳೆಯ ಅಸಲು ಮಾಲು ಕೊಳ್ಳುವಾಗ ಹತ್ತು ನಿಮಿಷ ಬೇಕೇ ಬೇಕು. ಜೇಬಿನಲ್ಲಿ 5 ಮಿಲಿಮೀಟರ್ ಡ್ರಿಲ್ ಬಿಟ್ ಒಂದಿರಲಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬಿಟ್ ಸಾಕು. ಸೀಜ್‌ನಿಂದೀಚೆಗೆ ಗೊಂಬೆಯ ಮುಷ್ಟಿ, ಭುಜ, ಬೆನ್ನು, ಪಾದ ಎಲ್ಲ ಕಡೆ ಆಯುಧ ಸಿಕ್ಕಿಸಲು 5 ಮಿಲಿಮೀಟರ್ ತೂತುಗಳಿವೆ. ಬಿಟ್‌ನ ನಯವಾದ ಹಿಂಬದಿಯನ್ನು ಮೆಲ್ಲಗೆ ತೂತಿಗಿಟ್ಟು ನೋಡಿ. ಜಾರಿ ಬಿದ್ದರೆ ತೂತು ಹಿಗ್ಗಿದೆ, ಗನ್ ನಿಲ್ಲುವುದಿಲ್ಲ. ಒಳಗೇ ಹೋಗದಿದ್ದರೆ ಯಾರೋ ಅಂಟು ಹಾಕಿರಬಹುದು. ನಂತರ ಗೊಂಬೆಯನ್ನು ಸೊಂಟದಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ತೋಳು ಜೋಲುತ್ತಿದ್ದರೆ ಬಾಲ್ ಜಾಯಿಂಟ್, ಅಂದರೆ ಗುಂಡು-ಬಟ್ಟಲಿನ ಕೀಲು, ಸಡಿಲ. ಇದು ದುರಸ್ತಿಯಾಗುತ್ತದೆ, ಬೆಲೆ ಇಳಿಸಲು ನೆಪವಾಗುತ್ತದೆ. ಮೊಣಕಾಲಿನಲ್ಲಿ ಹಲ್ಲುಗಾಲಿಯ ರ್ಯಾಚೆಟ್ ಇದ್ದರೆ ಟಕ್ ಟಕ್ ಎಂದು ಕೇಳಿಸಬೇಕು. ಒಂದು ಕಡೆ ಟಕ್, ಇನ್ನೊಂದು ಕಡೆ ಕರ್ರ್ ಎಂದರೆ ಹಲ್ಲು ಸವೆದಿದೆ, ಅದು ದುರಸ್ತಿಯಾಗುವುದಿಲ್ಲ.

ಮುಖ್ಯವಾದದ್ದು ಪಾರದರ್ಶಕ ಭಾಗಗಳು. ಕಾರಿನ ಗಾಜು, ಲಾರಿಯ ಮುಂಗಾಜು ಪಾರದರ್ಶಕ ಪ್ಲಾಸ್ಟಿಕ್ಕಿನವು. ಅದು ಉಳಿದ ಮೈಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ಕಾದ ಎಬಿಎಸ್‌ನಷ್ಟು ಬಾಗುವುದಿಲ್ಲ, ಸೀಳುತ್ತದೆ. ಎಷ್ಟೋ ವಿನ್ಯಾಸಗಳಲ್ಲಿ ಇದೇ ಗಾಜಿನ ತುಂಡಿನೊಳಗೇ ಉಕ್ಕಿನ ಪಿನ್ ಹಾಯುತ್ತದೆ. ಪಿನ್ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿದು ನೋಡಿ. ಬಿರುಕು ಬೆಳಕಿನಲ್ಲಿ ಬೆಳ್ಳಿ ಎಳೆಯಂತೆ ಮಿನುಗುತ್ತದೆ. ಇದ್ದರೆ ಬಿಟ್ಟುಬಿಡಿ, ಎಷ್ಟು ಅಗ್ಗವಾದರೂ. ಸ್ಕ್ರೂ ತಲೆ ತಿರುಚಿ ಗುಂಡಗಾಗಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ. ಇನ್ನು ಸಾಮಾನು: ಆ ಗೊಂಬೆಯ ಜೊತೆ ಏನೇನು ಬರಬೇಕೆಂದು ಮೊದಲೇ ಬರೆದುಕೊಂಡು ಹೋಗಿ. ಗನ್ ಇಲ್ಲದ್ದಕ್ಕೆ ಮೂರರಲ್ಲೊಂದು ಪಾಲು ಬೆಲೆ ಕಡಿಮೆ ಮಾಡಿಸಿ, ಏಕೆಂದರೆ ಆ ಗನ್ ಬಿಡಿಯಾಗಿ ಹುಡುಕಲು ಹೋದರೆ ಕೊರಿಯರ್ ಖರ್ಚೇ ಅಷ್ಟಾಗುತ್ತದೆ. ಕಿಂಗ್‌ಡಮ್ ನಂತರ ಬಂದ 2022ರ ಲೆಗಸಿ ಸರಣಿಯ ಪೆಟ್ಟಿಗೆಗಳ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಇಲ್ಲ, ಬರಿ ತೂತು. ಅಂಗಡಿಯಲ್ಲಿ ಯಾರ ಕೈಯಾದರೂ ಒಳಗೆ ಹೋಗುತ್ತದೆ. ಹೊಸದು ಎಂದರೂ ಎಣಿಸಿಯೇ ತೆಗೆದುಕೊಳ್ಳಿ.

ಎಂಬತ್ತರ ಕೊನೆ, ತೊಂಬತ್ತರ ದಶಕದ ಹಳೆಯ ಗೊಂಬೆಗೆ ಒಂದು ಬೇರೆ ಎಚ್ಚರ. ಚಿನ್ನದ ಬಣ್ಣದ ಮಿನುಗು ಪುಡಿ ಬೆರೆಸಿ ಸುರಿದ ಪ್ಲಾಸ್ಟಿಕ್ ಕಾಲ ಕಳೆದಂತೆ ಹಪ್ಪಳವಾಗುತ್ತದೆ. ಪೆಟ್ಟಿಗೆಯಿಂದಲೇ ತೆಗೆಯದ್ದೂ ಮುರಿಯುತ್ತದೆ. ಜಪಾನಿನ ಬ್ಲ್ಯಾಕ್ ಝರಾಕ್ ಎಂಬ ಗೊಂಬೆ ಇದಕ್ಕೆ ಕುಖ್ಯಾತ. ಅಂಥದ್ದು ಸಿಕ್ಕರೆ ಕೀಲು ತಿರುಗಿಸಿ ಪರೀಕ್ಷೆ ಮಾಡುವುದೇ ಅದನ್ನು ಮುರಿಯುವುದು. 1985ರಿಂದ ಬಂದ ಗೊಂಬೆಗಳ ಮೇಲೆ ಬೆರಳ ಬಿಸಿಗೆ ಬಣ್ಣ ಬದಲಿಸಿ ಬಣದ ಗುರುತು ತೋರಿಸುವ ಚೀಟಿ ಇರುತ್ತಿತ್ತು, ಅಸಲಿನ ಪುರಾವೆಯಾಗಿ. ನಮ್ಮ ಮೇ ತಿಂಗಳಲ್ಲಿ ಅದಕ್ಕೆ ಬೆರಳೂ ಬೇಕಿಲ್ಲ.

ಬಿಸಿಲಿನ ಮಾತಿಗೆ ಬಂದೆವು. ಇಲ್ಲಿ ಬೇಸಿಗೆಯಲ್ಲಿ 43, 44 ಡಿಗ್ರಿ ಹೊಸದಲ್ಲ. ಎಬಿಎಸ್ ಅಷ್ಟಕ್ಕೆ ಕರಗುವುದಿಲ್ಲ, ಅದು ಮೆತ್ತಗಾಗುವುದು ನೂರರ ಆಸುಪಾಸಿನಲ್ಲಿ. ತೊಂದರೆ ಬೇರೆ ಭಾಗಗಳದ್ದು. ಕತ್ತಿ, ಗನ್, ಕೊಂಬಿನಂಥ ಮೆತ್ತನೆಯ ಪಿವಿಸಿ ಭಾಗಗಳು ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಎರಡು ತಾಸಿಗೆ ಬಾಗುತ್ತವೆ. ಸರಿಮಾಡುವುದು ಸುಲಭ: ಕುದಿ ಬರುವ ಮೊದಲಿನ ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ, ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಗೊಂಬೆಯ ಮೈಗೆ ತಾಗಿಸಿ ಇಟ್ಟ ಮೆತ್ತನೆಯ ಆಯುಧ ಬೇಸಿಗೆ ಪೂರ್ತಿ ಹಾಗೇ ಇದ್ದರೆ ಪಿವಿಸಿಯೊಳಗಿನ ಎಣ್ಣೆಯಂಶ ಹೊರಬಂದು ಬಣ್ಣಕ್ಕೆ ಅಂಟುತ್ತದೆ. ನಡುವೆ ಬಟರ್ ಪೇಪರ್ ಇಡಿ. ಟೊಳ್ಳು ಮೊಣಕೈ, ಟೊಳ್ಳು ಪಾದ ಮುಚ್ಚಲು ಈಗ ತ್ರೀಡಿ ಪ್ರಿಂಟ್ ತುಂಡುಗಳನ್ನು ಮಾರುತ್ತಾರೆ. ಪಿಎಲ್ಎ ಪ್ಲಾಸ್ಟಿಕ್ಕಿನದ್ದಾದರೆ ಕೊಳ್ಳಬೇಡಿ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿಲು ಬೀಳುವ ಕಿಟಕಿಯ ಗಾಜಿನ ಹಿಂದೆ, ಕೊರಿಯರ್ ವ್ಯಾನಿನೊಳಗೆ ಅಷ್ಟು ಬಿಸಿ ಏರುವುದು ದೊಡ್ಡ ಮಾತಲ್ಲ. ಅದಕ್ಕಿಂತ ಬಿಸಿ ತಡೆಯುವ ಪಿಇಟಿಜಿ ಎಂದು ಬರೆದದ್ದು ತರಿಸಿ.

ಬಿಳಿ ಪ್ಲಾಸ್ಟಿಕ್ ಹಳದಿಯಾಗುವುದು ಬಿಸಿ ಮತ್ತು ನೇರಳಾತೀತ ಕಿರಣ ಸೇರಿ ಮಾಡುವ ಕೆಲಸ. ರೆಡ್ ಅಲರ್ಟ್ ಗಾಜಿನ ಕಪಾಟಿನಲ್ಲಿದ್ದರೂ ಬಿಸಿಲು ಬೀಳುವ ಗೋಡೆಯಾದರೆ ಎರಡು ಮೂರು ಬೇಸಿಗೆಯಲ್ಲಿ ಒಂದು ಬದಿ ಕೆನೆ ಬಣ್ಣವಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನ ಇದೆ. 6 ಶೇಕಡಾದ್ದು ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸ್ಕ್ರೂ, ಪಿನ್, ಬಣ್ಣ ಬಳಿದ ಭಾಗ ಎಲ್ಲ ಬೇರ್ಪಡಿಸಿ, ಕೈಗವಸು ಹಾಕಿ, ತುಂಡು ಪೂರ್ತಿ ಮುಳುಗುವಂತೆ ಇಟ್ಟು, ತಾಸಿಗೊಮ್ಮೆ ತಿರುಗಿಸಬೇಕು. ಮೇಲೆ ತೇಲಿದ ಭಾಗ ಪಟ್ಟೆಪಟ್ಟೆಯಾಗುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರ ಬಿಸಿಲು ಸಾಕು. ನಡುಮಧ್ಯಾಹ್ನದ ಬಿಸಿಗೆ ದ್ರಾವಣ ಕಾದು ಪ್ಲಾಸ್ಟಿಕ್ ಮೇಲೆ ಮಸುಕು ಮೋಡ ಕಟ್ಟುತ್ತದೆ. ಹಳದಿ ಕೆಲವು ವರ್ಷಕ್ಕೆ ಮರಳಿ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಧೂಳು ಇನ್ನೊಂದು. ಶಹಾಬಾದ, ವಾಡಿ, ಸೇಡಂ ಕಡೆಯವರಿಗೆ ಸುಣ್ಣಕಲ್ಲು, ಸಿಮೆಂಟಿನ ಧೂಳು ಹೇಳಿಕೊಡಬೇಕಿಲ್ಲ. ಅದನ್ನು ಒಣ ಬಟ್ಟೆಯಿಂದ ಒರೆಸಿದರೆ ಪಾಲಿಶ್ ಪೇಪರ್ ಉಜ್ಜಿದಂತೆ, ಕಾರಿನ ಗಾಜು ಮಂಕಾಗುತ್ತದೆ. ಮೆತ್ತನೆಯ ಮೇಕಪ್ ಬ್ರಷ್‌ನಿಂದ ಮೊದಲು ಝಾಡಿಸಿ, ನಂತರ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದ ನೀರು. ಬೋರ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಟ್ರೇಲ್‌ಬ್ರೇಕರ್‌ನಂಥ ಕಪ್ಪು ಮೈಯ ಮೇಲೆ ಸುಣ್ಣದ ಬೊಟ್ಟುಗಳು ಉಳಿಯುತ್ತವೆ, ಕೊನೆಯ ಒಂದು ಲೋಟ ಫಿಲ್ಟರ್ ನೀರು ಸುರಿದರೆ ಸಾಕು. ಸ್ಕ್ರೂ, ಪಿನ್ ಇರುವ ಗೊಂಬೆಯನ್ನು ನೀರಿನಲ್ಲಿ ನೆನೆಹಾಕಬೇಡಿ.

ಮತ್ತು ನೆಲ. ನಮ್ಮ ಮನೆಗಳ ನೆಲ, ಗೋಡೆಯ ಹಲಗೆ ಎಲ್ಲ ಶಹಾಬಾದ ಫರಸಿ ಕಲ್ಲು. ಮೂರಡಿ ಎತ್ತರದಿಂದ ಡಿಲಕ್ಸ್ ಬಿದ್ದರೆ ಮೊಸಾಯಿಕ್ ಮೇಲೆ ಬದುಕಬಹುದು, ಫರಸಿಯ ಅಂಚಿಗೆ ಬಿದ್ದರೆ ಭುಜದ ಗುಂಡು ಒಳಗೇ ಮುರಿದು ನಿಲ್ಲುತ್ತದೆ. ರೂಪ ಬದಲಿಸುವಾಗ ಕೆಳಗೆ ಜಮಖಾನ ಹಾಸಿಕೊಂಡು ಕೂಡುವುದು ಚಂದಕ್ಕಲ್ಲ. ಹಾರಿದ ಸಣ್ಣ ತುಂಡು ಉರುಳದೆ ಅಲ್ಲೇ ಬೀಳುತ್ತದೆ.

ದುರಸ್ತಿಯಲ್ಲಿ ಹೆಚ್ಚು ಕೇಳಿಬರುವುದು ಸಡಿಲ ಬಾಲ್ ಜಾಯಿಂಟ್. ಗುಂಡನ್ನು ಬಟ್ಟಲಿನಿಂದ ಹೊರಗೆಳೆದು, ಒಣಗಿಸಿ, ನೀರು ಬೆರೆಸದ ಬಿಳಿ ಫೆವಿಕಾಲ್ ತೆಳ್ಳಗೆ ಸವರಿ 24 ತಾಸು ಬಿಡಿ. ಪಾರದರ್ಶಕವಾದ ಮೇಲೆ ಕೂಡಿಸಿ. ಸಾಲದಿದ್ದರೆ ಇನ್ನೊಂದು ಪದರ. ಇದು ಫೆವಿಕ್ವಿಕ್‌ನಷ್ಟು ಬಾಳುವುದಿಲ್ಲ, ಆದರೆ ತಪ್ಪಾದರೆ ಬೆಚ್ಚಗಿನ ನೀರಿನಲ್ಲಿ ಕಿತ್ತುಹೋಗುತ್ತದೆ. ಫೆವಿಕ್ವಿಕ್ ಬಳಸಿದರೆ ಒಣಗುವ ತನಕ ಗುಂಡನ್ನು ಬಟ್ಟಲಿಗೆ ಕೂಡಿಸಲೇಬಾರದು. ಕೂಡಿಸಿದಿರೋ, ಅದು ಕೀಲಲ್ಲ, ಪ್ರತಿಮೆ. ಅದರ ಹಬೆ ಹತ್ತಿರದ ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ ಎಂಬುದೂ ನೆನಪಿರಲಿ. ಉಗುರು ಬಣ್ಣ ಹಚ್ಚಿ ಎನ್ನುವವರ ಮಾತು ಕೇಳಿ ದಪ್ಪಗೆ ಹಚ್ಚಬೇಡಿ, ಅದರ ದ್ರಾವಕ ಎಬಿಎಸ್ ಅನ್ನು ತಿನ್ನುತ್ತದೆ. ಅಸಿಟೋನ್ ಅಂತೂ ಹತ್ತಿರವೇ ತರಬೇಡಿ. 5 ಮಿಲಿಮೀಟರ್ ಗನ್ ಹಿಡಿಕೆ ಜಾರುತ್ತಿದ್ದರೆ ನಲ್ಲಿಯವರ ಟೆಫ್ಲಾನ್ ಟೇಪ್ ಒಂದು ಸುತ್ತು ಸಾಕು. ಬಿಗಿಯಾದ ಕೀಲಿಗೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ಇಲ್ಲಿಯ ದೊಡ್ಡ ತಪ್ಪು. ಒತ್ತಡದಲ್ಲಿರುವ ಪ್ಲಾಸ್ಟಿಕ್ ಎಣ್ಣೆ ಕುಡಿದು ಮುಂದೆ ಸೀಳಬಹುದು. ಸಿಲಿಕೋನ್ ಗ್ರೀಸ್ ಕಡ್ಡಿಯ ತುದಿಯಷ್ಟು ಮಾತ್ರ.

ಸ್ಕ್ರೂ ಬಿಚ್ಚಲು ಪಿಎಚ್0 (ಸಣ್ಣ ಪ್ಲಸ್ ತುದಿಯ) ಸ್ಕ್ರೂಡ್ರೈವರ್, ಮೊಬೈಲ್ ರಿಪೇರಿ ಅಂಗಡಿಯದ್ದೇ ಆಗುತ್ತದೆ. ಬಿಗಿಮಾಡುವಾಗ ಒಮ್ಮೆಗೆ ಕಾಲು ಸುತ್ತು, ನಂತರ ಕೀಲು ತಿರುಗಿಸಿ ನೋಡಿ. ತಿರುಗಿ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಬೇಕು. ಸಣ್ಣ ಟಿಕ್ ಕೇಳಿಸಿದ ಮೇಲೆ ಮುಂದಕ್ಕೆ. ಹಳೆಯ ಎಳೆಗೇ ಸ್ಕ್ರೂ ಕೂತಿತೆಂದು ಆ ಟಿಕ್ ಹೇಳುತ್ತದೆ. ನೇರ ತಿರುಗಿಸಿದರೆ ಹೊಸ ಎಳೆ ಕೊರೆದು ತೂತು ಪೊಳ್ಳಾಗುತ್ತದೆ. ಉಕ್ಕಿನ ಪಿನ್ನಿನ ಒಂದು ತುದಿಯಲ್ಲಿ ಸಣ್ಣ ಗೀರುಗಳಿರುತ್ತವೆ, ಅವೇ ಅದನ್ನು ಹಿಡಿದಿಡುವುದು. ನಯವಾದ ತುದಿಗೆ ಪಂಚ್ ಇಟ್ಟು ಬಡಿದು, ಗೀರಿನ ತುದಿ ಹೊರಬರುವಂತೆ ತೆಗೆಯಬೇಕು. ಉಲ್ಟಾ ಬಡಿದರೆ ಗೀರು ಇಡೀ ತೂತನ್ನು ಕೆರೆದುಕೊಂಡು ಹೋಗುತ್ತದೆ. ಮುರಿದ ಭಾಗ ಮೇಣದಂತೆ ಜಾರುವ, ಹೊಳಪಿಲ್ಲದ ಪ್ಲಾಸ್ಟಿಕ್ಕಿನದ್ದಾದರೆ ಅದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ. 1 ಮಿಲಿಮೀಟರ್ ತೂತು ಎರಡೂ ಕಡೆ ಕೊರೆದು ಪೇಪರ್ ಕ್ಲಿಪ್‌ನ ತಂತಿ ಕೂಡಿಸುವುದು ಒಳ್ಳೆಯ ದಾರಿ.

ಗ್ರ್ಯಾಪಲ್ ಬಗ್ಗೆ ಎರಡೇ ಮಾತು. ವಾಯೇಜರ್ ಗಾತ್ರ, ಬೆಲೆಯೂ ಡಿಲಕ್ಸ್‌ನ ಒಂದೂವರೆ ಪಟ್ಟು, ಕಪಾಟಿನಲ್ಲಿ ಕ್ರೇನ್ ಎತ್ತಿ ನಿಲ್ಲಿಸಿದರೆ ಬೇರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮಾರುವವರು ಕ್ರೇನ್ ಪೂರ್ತಿ ಚಾಚಿದ ಫೋಟೋ ಕಳಿಸಲು ತಡಮಾಡಿದರೆ ಅದರಲ್ಲೇನೋ ಕಡಿಮೆ ಇದೆ ಎಂದು ತಿಳಿದು ಮುಂಗಡ ಕಳಿಸಬೇಡಿ.